ಚಿಕಿತ್ಸೆಗೆ ಮೊದಲು ವಿಚಿಕಿತ್ಸೆ

‘ಚಿಕಿತ್ಸೆ’ ಎಂಬ ಶಬ್ದವನ್ನು ನಾವೆಲ್ಲರೂ ನಿತ್ಯವೂ ಉಪಯೋಗಿಸುತ್ತೇವೆ. ಅದರ ಹುಟ್ಟನ್ನು ವಿಚಾರಿಸುವವರು ವಿರಳ. ‘ಕಿತ್’ ಧಾತುವಿಗೆ ‘ಸನ್’ ಪ್ರತ್ಯಯವು ಸೇರಿ ಈ ಪದವು ಸಿದ್ಧಿಸುತ್ತದೆ. ರೋಗವನ್ನು ಕಳೆಯುವುದೆಂದು ವೈಯಾಕರಣರು ಇದಕ್ಕೆ ಅರ್ಥ ಹೇಳುವರು. ಆದರೆ ಇದರ ಒಡಹುಟ್ಟಾದ ‘ವಿಚಿಕಿತ್ಸೆ’ ಎಂಬುದಕ್ಕೆ ಸಂಶಯವೆಂದರ್ಥ. ಪಾಠಶಾಲೆಯಲ್ಲಿ ಕಂಠಸ್ಥ ಮಾಡಿದ ಈ ವಿಷಯದ ಸ್ವಾರಸ್ಯವು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ, ನಮ್ಮ ಕಳಸದ ಸೀಮೆಯ ಮಾತು ಬಾರದ ಒಬ್ಬ ಬಾಲಕನ ನಿಮಿತ್ತವಾಗಿ.

ಬಾಲಕನಿಗೆ ಆರು ವರ್ಷ. ಅವನಿಗಿರುವುದು ಆಟಿಸಂ, ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಹೆಸರು ರೂಢಿಗೆ ಬಂದಿದೆ. 1943ರಲ್ಲಿ ಅಮೆರಿಕೆಯ ವೈದ್ಯನಾದ ಲಿಯೋ ಕ್ಯಾನರ್ ಎಂಬಾತನು 11 ಮಕ್ಕಳನ್ನು ಪರೀಕ್ಷಿಸಿ, ಈ ಸ್ಥಿತಿಯನ್ನು ವಿಸ್ತಾರವಾಗಿ ವರ್ಣಿಸಿದನು. ಇದು ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆಯಲ್ಲಿ ಇರುವ ಭೇದವೇ ಹೊರತು ತಾಯಿಯ ಲಾಲನೆಯ ಕೊರತೆಯಿಂದಾಗಲಿ, ದೃಷ್ಟಿದೋಷದಿಂದಾಗಲಿ, ಲಸಿಕೆಯಿಂದಾಗಲಿ ಬಂದುದಲ್ಲ. ‘ತನ್ನಲ್ಲಿಯೇ ಲೀನನಾದವನು’ ಎಂಬ ಅರ್ಥವೂ ಈ ಹುಡುಗನಿಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬಿದ್ದರೆ ನಮಗೆ ನಿದ್ರೆ ಬರುವುದು. ಅವನು ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುವನು. ಹೊರಗಿನ ಪ್ರಪಂಚವು ಅವನಿಗೆ ಮುಟ್ಟದೆ ಇಲ್ಲ, ಮಿತಿಮೀರಿ ಮುಟ್ಟುತ್ತದೆ.

ಕಳೆದ ಕಾಫಿ ಕೊಯ್ಲಿನ ಕಾಲದಲ್ಲಿ ಈ ಹುಡುಗನು ದಿನವೂ ಸಂಜೆ ಚೀರಿ, ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದನು. ಹಠವೆಂದು ಕೆಲವರು, ಗ್ರಹಚಾರವೆಂದು ಕೆಲವರು, ಎರಡು ಪೆಟ್ಟು ಬಿದ್ದರೆ ಸರಿಹೋಗುವುದೆಂದು ಮತ್ತೆ ಕೆಲವರು ಹೇಳಿದರು. ತಾಯಿಯು ಬಸ್ಸಿನಲ್ಲಿ ಒಂದು ಹಗಲು ಪ್ರಯಾಣಮಾಡಿ, ಮೈಸೂರಿನಲ್ಲಿ 1966ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅವನನ್ನು ಕರೆದೊಯ್ದಳು. ಹಿಂದಿರುಗುವಾಗ ಅವಳ ಕೈಯಲ್ಲಿದ್ದುದು ಔಷಧದ ಸೀಸೆಯಲ್ಲ, ಮೂರು ಅಂಕಣ ಗೆರೆ ಹಾಕಿದ ಒಂದು ಪುಸ್ತಕ. ಮೊದಲನೆಯದರಲ್ಲಿ ಚೀರುವುದಕ್ಕೆ ಮುಂಚೆ ಏನು ನಡೆಯಿತು, ಎರಡನೆಯದರಲ್ಲಿ ಹುಡುಗನು ಏನು ಮಾಡಿದನು, ಮೂರನೆಯದರಲ್ಲಿ ಅದರಿಂದ ಅವನಿಗೆ ಏನು ದೊರೆಯಿತು ಎಂಬುದನ್ನು ಬರೆಯತಕ್ಕದ್ದು. ನಿಮಿತ್ತ, ಕ್ರಿಯೆ, ಫಲ — ವರ್ತನ ಚಿಕಿತ್ಸೆಯ ಅಡಿಗಲ್ಲು ಇಷ್ಟೆ.

ಆ ಪುಸ್ತಕವನ್ನು ನೋಡಿಕೊಡಬೇಕೆಂದು ಆಕೆ ನನ್ನನ್ನು ಕೇಳಿದಳು. ಎರಡು ವಾರದ ಬರವಣಿಗೆಯನ್ನು ಇಬ್ಬರೂ ಓದುತ್ತಿರುವಾಗ ಆಕೆಯೇ, “ಮೇಷ್ಟ್ರೆ, ಭಾನುವಾರ ಎರಡು ಸಲವೂ ಇವನು ಅತ್ತೇ ಇಲ್ಲ ನೋಡಿ” ಎಂದಳು. ಭಾನುವಾರ ತೋಟಕ್ಕೆ ರಜೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವು ಆ ದಿನ ತಿರುಗುವುದಿಲ್ಲ. ನಾವು ಹಠವೆಂದು ತಿಳಿದುದು ಯಂತ್ರದ ಶಬ್ದದ ಮೇಲೆ ಅವನು ಕೊಟ್ಟ ದೂರಾಗಿತ್ತು.

ಕಾರಣ ತಿಳಿದ ಮೇಲೆ ಉಪಾಯವು ಕಷ್ಟವಾಗಲಿಲ್ಲ. ಯಂತ್ರವು ಹೊರಡುವ ಮುಂಚೆ ತಾಯಿಯು ಅದರ ಚಿತ್ರವನ್ನು ತೋರಿಸುವಳು. ಕಿವಿಯ ಮೇಲೆ ಅಂಗೈ ಇಟ್ಟರೆ ‘ಒಳಗೆ ಹೋಗೋಣ’ ಎಂದು ಅರ್ಥವೆಂಬುದನ್ನು ಅವನಿಗೆ ಕಲಿಸಿದಳು. ಅವನು ಹಾಗೆ ಸನ್ನೆಮಾಡಿದೊಡನೆಯೇ ತಡಮಾಡದೆ ಹಿಂದಿನ ಕೋಣೆಗೆ ಕರೆದೊಯ್ಯುವಳು. ಚೀರಿದರೆ ದೊರೆಯುತ್ತಿದ್ದುದು ಈಗ ಸನ್ನೆಯಿಂದಲೇ ದೊರೆಯಿತು. ಕೆಲವು ವಾರಗಳಲ್ಲಿ ಕಚ್ಚಿಕೊಳ್ಳುವುದು ಬಹಳ ಮಟ್ಟಿಗೆ ಕಡಮೆಯಾಯಿತು. ಪೂರ್ತಿಯಾಗಿ ನಿಂತಿತೆಂದು ನಾನು ಹೇಳಲಾರೆ.

ಹೊಸದನ್ನು ಕಲಿಸುವ ಕ್ರಮವೂ ನನ್ನ ಮನಸ್ಸಿಗೆ ಹಿಡಿಯಿತು. ವೇದದ ಕ್ರಮಪಾಠದಲ್ಲಿ ಒಂದು ಪದವನ್ನು ಮುಂದಿನ ಪದದೊಡನೆಯೂ, ಅದನ್ನು ಅದರ ಮುಂದಿನದರೊಡನೆಯೂ ಕೂಡಿಸಿ ಹೇಳುವಂತೆ, ಇಲ್ಲಿ ಕೈ ತೊಳೆಯುವುದನ್ನು ಆರು ಹೆಜ್ಜೆಗಳಾಗಿ ಬಿಡಿಸಿ ಪೋಣಿಸುವರು. ಕೆಲವೊಮ್ಮೆ ಕೊನೆಯ ಹೆಜ್ಜೆಯನ್ನೇ ಮೊದಲು ಕಲಿಸುವುದುಂಟು: ಉಳಿದುದನ್ನು ತಾಯಿ ಮಾಡಿಸಿ, ಕೈ ಒರಸುವುದನ್ನು ಮಾತ್ರ ಅವನಿಗೆ ಬಿಡುವಳು. ಹೀಗೆ ಪ್ರತಿದಿನವೂ ಕೆಲಸವನ್ನು ಮುಗಿಸಿದ ಸಂತೋಷವು ಅವನದಾಗುತ್ತದೆ.

ಈ ಪದ್ಧತಿಯ ಚರಿತ್ರೆಯು ನಿಷ್ಕಳಂಕವೆಂದು ವಾಚಕರು ಭಾವಿಸಬಾರದು. ಇದನ್ನು ಪ್ರಸಿದ್ಧಿಗೆ ತಂದ ಐವರ್ ಲೋವಾಸ್ ಎಂಬ ವಿದ್ವಾಂಸನು 1960ರ ದಶಕದಲ್ಲಿ ಮಕ್ಕಳ ಮೇಲೆ ಪೆಟ್ಟನ್ನೂ ವಿದ್ಯುತ್ತಿನ ಆಘಾತವನ್ನೂ ಪ್ರಯೋಗಿಸಿದ್ದುಂಟು. ಅವನು 1987ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ 19 ಮಕ್ಕಳ ಪೈಕಿ 9 ಮಂದಿ ಉಳಿದ ಮಕ್ಕಳಂತೆಯೇ ಆದರೆಂದು ಹೇಳಿದನು. ಆ ಮಾತಿನ ವಿಷಯದಲ್ಲಿ ಚರ್ಚೆಯು ಇನ್ನೂ ಮುಗಿದಿಲ್ಲ. ಇಂತಹ ಶಿಕ್ಷಣವನ್ನು ಪಡೆದು ದೊಡ್ಡವರಾದವರಲ್ಲಿ ಹಲವರು, “ನಮ್ಮನ್ನು ಇತರರಂತೆ ನಟಿಸುವುದಕ್ಕೆ ಪಳಗಿಸಿದರು” ಎಂದು ಆಕ್ಷೇಪಿಸಿದ್ದಾರೆ. ಆಕ್ಷೇಪವು ಯುಕ್ತವೆಂದೇ ನನ್ನ ಅಭಿಪ್ರಾಯ. ಹುಡುಗನು ಸಂತೋಷದಿಂದ ಕೈ ಬಡಿಯುತ್ತ ಕುಣಿದರೆ ಅದನ್ನು ನಿಲ್ಲಿಸುವುದೇಕೆ? ಅದರಿಂದ ಯಾರಿಗೂ ನೋವಿಲ್ಲ. ಅವನಿಗೆ ಬೇಕಾದುದು ನೀರನ್ನು ಕೇಳುವ ದಾರಿ, ನೋವನ್ನು ತಿಳಿಸುವ ದಾರಿ, ‘ಬೇಡ’ ಎನ್ನುವ ದಾರಿ. ಅದನ್ನು ಕಲಿಸುವುದು ಚಿಕಿತ್ಸೆ. ನೋಡುವವರ ಕಣ್ಣಿಗೆ ಹಿತವಾಗುವಂತೆ ಮಗುವನ್ನು ತಿದ್ದುವುದು ಚಿಕಿತ್ಸೆಯಲ್ಲ.

ನಮ್ಮ ಮಲೆಸೀಮೆಯ ತೊಡಕು ಬೇರೊಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ವೈಕಲ್ಯವು ಶೇಕಡ 40ಕ್ಕೆ ಕಡಮೆಯಿಲ್ಲದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ವಿದ್ಯಾಭ್ಯಾಸದ ಹಕ್ಕು ಅದರಲ್ಲಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಆದರೆ ಕಾಯಿದೆಯು ಸಂಜೆಯ ಹೊತ್ತು ಮಗುವಿನ ಪಕ್ಕದಲ್ಲಿ ಕುಳಿತು ಬರೆಯಲಾರದು. ನಾನು ಹೇಳಿದ ತಾಯಿಗೆ ಅಕ್ಷರ ಬರುತ್ತಿತ್ತು, ಮೈಸೂರಿಗೆ ಹೋಗಿಬರುವ ಅನುಕೂಲವಿತ್ತು. ತೋಟದ ಲೈನುಮನೆಯಲ್ಲಿಯೂ ಇಂತಹ ಮಗು ಹುಟ್ಟುತ್ತದೆ. ಅದರ ತಾಯಿತಂದೆಗಳು ಹೊತ್ತಾರೆಯೇ ಹಣ್ಣು ಕೊಯ್ಯುವುದಕ್ಕೆ ಹೋಗುವರು. ಒಂದು ದಿನ ತಪ್ಪಿದರೆ ಆ ದಿನದ ಕೂಲಿ ತಪ್ಪಿತು. ಆ ಮಗು ಏಕೆ ಅಳುತ್ತದೆಂದು ಸಂಶಯಪಡುವುದಕ್ಕೂ ಅವರಿಗೆ ಬಿಡುವಿಲ್ಲ.

ನಿವೃತ್ತರಾದ ಉಪಾಧ್ಯಾಯರು ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿಯೂ ಇರುವೆವು. ಪರಿಣತರು ಮಾಡತಕ್ಕ ಕೆಲಸವನ್ನು ನಾವು ಮಾಡಲಾರೆವು, ಮಾಡಲೂ ಬಾರದು. ಆದರೆ ಮೂರು ಗೆರೆ ಎಳೆದು, ಕಂಡುದನ್ನು ಕಂಡಂತೆ ಎರಡು ವಾರ ಬರೆದು, ಅದನ್ನು ಆ ವೈದ್ಯರ ತಂಡದ ಕೈಗೆ ತಲುಪಿಸುವುದಕ್ಕೆ ನಮ್ಮ ವಿದ್ಯೆಯು ಸಾಕು. ಲೈನಿನ ಅಂಗನವಾಡಿಗೆ ಹೋಗಿ ಒಮ್ಮೆ ವಿಚಾರಿಸಿರೆಂದು ವಾಚಕರಲ್ಲಿ ನನ್ನ ಪ್ರಾರ್ಥನೆ.