ಪಾರಿಜಾತದ ಬೆಳಗು

ಮಳೆ ಹಿಂದೆ ಸರಿದು ಶರದೃತು ಬಂತೆಂದರೆ ನಮ್ಮ ಹಿತ್ತಿಲಿನ ಪಾರಿಜಾತಕ್ಕೆ ಹಬ್ಬ. ರಾತ್ರಿ ಅರಳಿದ ಹೂಗಳು ಬೆಳಗಾಗುವಷ್ಟರಲ್ಲಿ ನೆಲದ ತುಂಬ ಉದುರಿರುತ್ತವೆ. ಬಿದ್ದ ಹೂವನ್ನು ದೇವರಿಗೆ ಏರಿಸಬಾರದು ಅಂತಾರೆ. ಪಾರಿಜಾತಕ್ಕೆ ಮಾತ್ರ ವಿನಾಯಿತಿ. ಮೊದಲೆಲ್ಲ ನಮ್ಮವರೇ ಆಯ್ದು ತರುತ್ತಿದ್ದರು. ಅವರು ತೀರಿಕೊಂಡ ವರ್ಷ ಹೂಗಳು ಬಿದ್ದಲ್ಲೇ ಬಾಡಿದವು. ಮಂಡಿನೋವು, ನಾನು ಬಗ್ಗಲಾರೆ.

ಈ ಸಲ ದಸರಾ ರಜೆಗೆ ಬಂದ ಮೊಮ್ಮಗಳು ರಾತ್ರಿಯೇ ಮರದಡಿ ನನ್ನ ಹಳೆಯ ಸೀರೆ ಹಾಸಿದಳು. ಬೆಳಿಗ್ಗೆ ಸೀರೆಯ ತುಂಬ ಹೂ! "ಬಗ್ಗೋದೇ ಬೇಡ ಅಜ್ಜಿ" ಎಂದು ಮಡಿಲಿಗೆ ಸುರಿದಳು. ಜಗಲಿಯಲ್ಲಿ ಸಣ್ಣ ಚಳಿ. ಅವಳಿಗೆ ಹಾಲು, ನನಗೆ ಕಾಫಿ. ಇಬ್ಬರೂ ಒಂದೇ ಶಾಲು ಹೊದ್ದು ಹೂ ಪೋಣಿಸಿದೆವು.

ಅಜ್ಜನ ಪಟಕ್ಕೆ ಮಾಲೆ ಹಾಕಿದ್ದು ಅವಳೇ. ನಾಳೆಗೂ ಸೀರೆ ಹಾಸಬೇಕಂತೆ.