ನೀರೊಳಗೆ ಉಂಗುರ ಹುಡುಕೋ ಮಿಷನ್ನು, ಚಿಕ್ಕಮ್ಮನ ಅವಲಕ್ಕಿ ಸರ

ನಮ್ಮ ಚಿಕ್ಕಪ್ಪನ ಮಗ ಚನ್ನಗಿರಿ ಬಿಟ್ಟು ಮುರ್ಡೇಶ್ವರ ಸೇರಿ ನಾಲ್ಕು ವರ್ಷ ಆಯ್ತು. ನೇತ್ರಾಣಿ ದ್ವೀಪದ ಹತ್ತಿರ ಪ್ರವಾಸಿಗರನ್ನು ಸಮುದ್ರಕ್ಕೆ ಇಳಿಸೋ ಬೋಟಿನಲ್ಲಿ ಕೆಲಸ. ಭದ್ರಾ ಕಾಲುವೆಯಲ್ಲಿ ಈಜು ಕಲಿತ ಹುಡುಗ ಈಗ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗ್ತಾನೆ. ಬೀಚಿನಲ್ಲಿ ಆಡೋಕೆ ಇಳಿದವರು ಉಂಗುರ, ಸರ ಕಳಕೊಂಡು ಅಳುತ್ತಾ ಇವನ ಹತ್ರ ಬರ್ತಾರೆ. ಅಲೆಯೊಳಗೆ ಕೈಯಲ್ಲಿ ತಡಕಿದರೆ ಸಿಗೋದು ಅಪರೂಪ. ಹಾಗಾಗಿ ನೀರೊಳಗೆ ನಡೆಯೋ ಮೆಟಲ್ ಡಿಟೆಕ್ಟರ್ ಬೇಕೇ ಬೇಕು ಅಂತ ಹಠ ಹಿಡಿದ. ಹೊಸದು ಕೈಗೆಟುಕಲ್ಲ. ಬೆಂಗಳೂರಿನಲ್ಲಿ ಯಾರದೋ ಹಳೇದೊಂದು 55 ಸಾವಿರಕ್ಕಿತ್ತು. ಚಿಕ್ಕಮ್ಮ ತಮ್ಮ ಅವಲಕ್ಕಿ ಸರ ಅಡ ಇಡೋಕೆ ತಯಾರಾಗಿ ನನ್ನನ್ನು ಕರೆಸಿದರು. "ನೀನು ನಾಲ್ಕಕ್ಷರ ಬರೆಯೋನು. ಹೋಗಿ ನೋಡ್ಕಂಡು ಬಾರಪ್ಪಾ. ಬಂಗಾರ ಹುಡುಕೋಕೆ ಬಂಗಾರ ಅಡ ಇಡ್ತಿದೀನಿ" ಅಂದರು.

ಹದಿನೈದು ದಿನ ಇದನ್ನೇ ಓದಿದೆ, ಮಿಷನ್ ಇಟ್ಟುಕೊಂಡವರನ್ನು ಕೇಳಿದೆ.

ಎಲ್ಲ ಡಿಟೆಕ್ಟರೂ ಒಂದೇ ಅಲ್ಲ. ಹೊಲದಲ್ಲಿ ಬಳಸೋ ಸಾಮಾನ್ಯ ಮಿಷನ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡ್ತವೆ. ಹೊನ್ನಾಳಿಯ ತುಂಗಭದ್ರೆಯಲ್ಲಿ, ಸೂಳೆಕೆರೆಯಲ್ಲಿ, ಅಂದರೆ ಸಿಹಿನೀರಲ್ಲಿ, ವಾಟರ್‌ಪ್ರೂಫ್ ಆಗಿದ್ದರೆ ಅವೇ ಸಾಕು. ಸಮುದ್ರದಲ್ಲಿ ಮಾತ್ರ ಕೈಕೊಡ್ತವೆ. ಉಪ್ಪುನೀರಲ್ಲಿ ಕರೆಂಟ್ ಹರಿಯೋದರಿಂದ ಆ ನೀರನ್ನೇ ಲೋಹ ಅಂದುಕೊಂಡು ಸುಮ್ಮಸುಮ್ಮನೆ ಕೂಗ್ತವೆ. ಅಲ್ಲಿಗೆ ಎರಡು ದಾರಿ. ಒಂದು ಪಲ್ಸ್ ಇಂಡಕ್ಷನ್: ಮಿಷನ್ ಕ್ಷಣಮಾತ್ರ ಕರೆಂಟ್ ಬಿಟ್ಟು ನಿಲ್ಲಿಸುತ್ತೆ, ಆಮೇಲೆ ಕಿವಿಗೊಡುತ್ತೆ. ಉಪ್ಪುನೀರಿನ ಸದ್ದು ಬೇಗ ಸಾಯುತ್ತೆ, ಲೋಹದ್ದು ಸ್ವಲ್ಪ ಹೊತ್ತು ಉಳಿಯುತ್ತೆ. ಗ್ಯಾರೆಟ್ ಕಂಪನಿಯ ಸೀ ಹಂಟರ್ ಈ ಜಾತಿ. ಕೊರತೆ ಏನಂದರೆ ಕಬ್ಬಿಣದ ಮೊಳೆಗೂ ಬಂಗಾರಕ್ಕೂ ಹೆಚ್ಚು ಕಮ್ಮಿ ಒಂದೇ ಥರ ಕೂಗುತ್ತೆ. ಇನ್ನೊಂದು, ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಬಳಸೋವು. ಮೈನ್‌ಲ್ಯಾಬ್‌ನ ಎಕ್ಸ್‌ಕ್ಯಾಲಿಬರ್, ಇಕ್ವಿನಾಕ್ಸ್ ಇಂಥವು. ಲೋಹ ಯಾವುದು ಅಂತ ಸ್ವಲ್ಪ ಮಟ್ಟಿಗೆ ಬೇರೆ ಮಾಡಿ ಹೇಳ್ತವೆ, ದುಡ್ಡೂ ಹಾಗೇ ಕೇಳ್ತವೆ.

ಮಾರೋರು ಹೇಳೋ "200 ಅಡಿ" ಮಾತು ಕೇಳಿ ಮರುಳಾಗಬೇಡಿ. ಸೀ ಹಂಟರ್ 200 ಅಡಿ ಅಂದರೆ, 200 ಅಡಿ ಆಳದ ನೀರಿಗೆ ಇಳಿಸಿದರೂ ಅದರೊಳಗೆ ನೀರು ಹೋಗಲ್ಲ ಅಂತ ಅರ್ಥ. ಅದೇ ಕಂಪನಿಯ ಎಟಿ ಪ್ರೊಗೆ ಆ ಲೆಕ್ಕ ಬರೀ 10 ಅಡಿ. ಮರಳೊಳಗೆ ಹೂತ ಉಂಗುರ ಕಾಣೋದು ಹೆಚ್ಚೆಂದರೆ ಒಂದು ಗೇಣು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ಪಾಲಾದ ಲಾರಿ ನೆನಪಿರಬಹುದು. ಸೇನೆ, ನೌಕಾಪಡೆ, ದೊಡ್ಡ ದೊಡ್ಡ ಯಂತ್ರ, ಈಜುಗಾರರು ಎಲ್ಲ ಇದ್ದೂ ಲಾರಿ, ಚಾಲಕನ ಶವ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಇಡೀ ಲಾರಿಗೇ ಆ ಪಾಡಾದರೆ ಎರಡು ಗ್ರಾಂ ಉಂಗುರದ ಕಥೆ ಏನು?

ಬೆಂಗಳೂರಿನ ಮಿಷನ್ ಹೊರಗಿಂದ ಮದುಮಗನ ಥರ ಮಿಂಚ್ತಿತ್ತು. ಮಾರೋನು ಮೇಜಿನ ಮೇಲೆ ನಾಣ್ಯ ಇಟ್ಟು ಕೂಗಿಸಿ ತೋರಿಸಿದ. ನಾನು ಬ್ಯಾಟರಿ ಮುಚ್ಚಳ ತೆಗೆಸಿದೆ. ಒಳಗಿನ ಸ್ಪ್ರಿಂಗ್‌ಗೆ ಹಸಿರು ಕಿಲುಬು. ಮುಚ್ಚಳದ ರಬ್ಬರ್ ರಿಂಗ್ ಒಣಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಸಮುದ್ರದಿಂದ ತಂದು ಸಿಹಿನೀರಲ್ಲಿ ತೊಳೆಯದೆ ಹಾಗೇ ಇಟ್ಟಿದ್ದಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ರಿಂಗ್ ಬದಲಿಸೋದು ಸುಲಭ, ಆದರೆ ಒಳಗೆ ಒಮ್ಮೆ ಉಪ್ಪು ಹೊಕ್ಕಿದ್ದರೆ ಸರ್ಕ್ಯೂಟ್ ಯಾವತ್ತು ಸಾಯುತ್ತೆ ಹೇಳೋಕಾಗಲ್ಲ. "ಒಂದು ಬಕೆಟ್ ಉಪ್ಪುನೀರಲ್ಲಿ ಅರ್ಧ ಗಂಟೆ ಮುಳುಗಿಸೋಣ" ಅಂದೆ. ಮಾರೋನು ಒಪ್ಪಲಿಲ್ಲ. ನೀರಿನ ಮಿಷನ್ನು ನೀರಿಗೆ ಹಾಕೋಕೆ ಹೆದರೋನ ಹತ್ರ ಮಾತೇನು, ಎದ್ದು ಬಂದೆ.

ತಿಂಗಳು ಬಿಟ್ಟು ಗೋವಾ ಕಡೆಯ ಒಬ್ಬರು ತಮ್ಮ ಹಳೇ ಸೀ ಹಂಟರ್ ಹಿಡಿದು ಮುರ್ಡೇಶ್ವರಕ್ಕೇ ಬಂದರು. 32 ಸಾವಿರ. ಬಣ್ಣ ಹೋಗಿತ್ತು, ಹಿಡಿಕೆಗೆ ಟೇಪ್ ಸುತ್ತಿತ್ತು. ಆದರೆ ಬ್ಯಾಟರಿ ಡಬ್ಬಿ ಒಳಗೆ ಶುಭ್ರ, ಕಾಯಿಲ್ ವೈರ್ ಎಲ್ಲೂ ಸೀಳಿರಲಿಲ್ಲ, ನಂಬರ್ ಪ್ಲೇಟ್ ಅಳಿಸಿರಲಿಲ್ಲ. ದೊಡ್ಡ ಕಂಪನಿಗಳ ಹೆಸರಲ್ಲಿ ನಕಲಿ ಮಾಲು ಬಹಳ ಓಡಾಡುತ್ತೆ, ಆ ನಂಬರ್ ಕಂಪನಿಗೆ ಕಳಿಸಿ ಅಸಲಿ ಅಂತ ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ.

ಪರೀಕ್ಷೆಗೆ ಚಿಕ್ಕಮ್ಮನೂ ಬಂದಿದ್ದರು, ಶಿವನ ದರ್ಶನದ ನೆಪದಲ್ಲಿ. ಮೊದಲು ಉಂಗುರ. ಒದ್ದೆ ಮರಳಲ್ಲಿ ಹೆಚ್ಚು ಕಮ್ಮಿ ಗೇಣುದ್ದ ಹೂತರೂ ಮಿಷನ್ ಚೆನ್ನಾಗಿ ಕೂಗಿತು. "ಈಗ ಸರ ಕೊಡಿ ಚಿಕ್ಕಮ್ಮಾ" ಅಂದೆ. ಕೊಡೋಕೆ ಮನಸ್ಸಿಲ್ಲ. ಕೊನೆಗೆ ಸರಕ್ಕೆ ತಂಗೂಸಿ ಕಟ್ಟಿ, ತುದಿ ತಾವೇ ಕೈಗೆ ಸುತ್ತಿಕೊಂಡು ನಿಂತರು. ಎರಡು ಬೆರಳು ಆಳದಲ್ಲಿ ಸಣ್ಣ ಸದ್ದು. ನಾಲ್ಕು ಬೆರಳಿಗೆ ಸುಮ್ಮನಾಯ್ತು. ಮಿಷನ್ ಕೆಟ್ಟಿರಲಿಲ್ಲ. ಉಂಗುರ ಮುಚ್ಚಿದ ಸುತ್ತು, ಅದರಲ್ಲಿ ಕರೆಂಟ್ ಗಿರ್ರನೆ ತಿರುಗುತ್ತೆ. ಸರ ಅಂದರೆ ಚೂರು ಚೂರು ಕೊಂಡಿ, ಒಂದೊಂದೂ ಮಿಷನ್‌ಗೆ ಪ್ರತ್ಯೇಕ ಸಣ್ಣ ಸಾಮಾನು. ಬಾಯಿ ಬಿಟ್ಟ ಕಾಲುಂಗುರಕ್ಕೂ ಸದ್ದು ಕಮ್ಮಿ. ತಾಳಿ ಬೊಟ್ಟು ಪರವಾಗಿಲ್ಲ. ಈ ಮಿಷನ್ ಮಾಡಿದ ದೇಶದಲ್ಲಿ ಜನ ಮದುವೆ ಉಂಗುರ ಕಳಕೊಳ್ತಾರೆ. ನಮ್ಮ ಹೆಂಗಸರು ಕಳಕೊಳ್ಳೋದು ಸರ. ನಾಣ್ಯ ಇಟ್ಟು ತೋರಿಸೋ ಆಟ ನಂಬದೆ, ನೀವು ಏನು ಹುಡುಕಬೇಕೋ ಅದನ್ನೇ ಒಯ್ದು, ಎಲ್ಲಿ ಹುಡುಕಬೇಕೋ ಅಲ್ಲೇ ನೋಡಿ.

"ಇದು ಸರ ಹುಡುಕಲ್ಲ ಅಂದ್ಮೇಲೆ ನನ್ನ ಸರ ಯಾಕೋ ಅಡ ಇಡ್ಲಿ?" ಅಂದರು ಚಿಕ್ಕಮ್ಮ. ತಮ್ಮ ಮುಖ ಸಣ್ಣ ಮಾಡಿದ. ಆದರೂ ಉಂಗುರಕ್ಕೆ ಸಾಕಲ್ಲ ಅಂತ 2 ಸಾವಿರ ಚೌಕಾಸಿ ಮಾಡಿ, ತನ್ನ ಉಳಿತಾಯದ 20 ಸಾವಿರಕ್ಕೆ ನನ್ನ 10 ಸೇರಿಸಿ ತಗೊಂಡ.

ಊರ ಕಡೆ ಇದನ್ನು ತರಬೇಡ ಅಂತ ನಾನೇ ಹೇಳಿದ್ದೀನಿ. ಜಗಳೂರು ಕಡೆ ಹಾಳು ಗುಡಿ ಹತ್ರ ಇಂಥದ್ದು ಹಿಡಿದು ನಿಂತರೆ ನಿಧಿಗಳ್ಳ ಅಂತ ಕಂಬಕ್ಕೆ ಕಟ್ಟಿ ಆಮೇಲೆ ಮಾತಾಡಿಸ್ತಾರೆ. ತಪ್ಪೂ ಅಲ್ಲ ಅನ್ನಿ, ನಿಧಿ ಆಸೆಗೆ ಎಷ್ಟು ಗುಡಿಗಳ ಬುಡ ಅಗೆದಿಲ್ಲ! ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳೋ ಹಾಗಿಲ್ಲ, 1878ರ ಕಾಯ್ದೆಯಿಂದಲೂ ಹೀಗೇ. ನ್ಯಾಮತಿಯ ಗೆಳೆಯನೊಬ್ಬ, ಹೊನ್ನಾಳಿ ರಾಯರ ಮಠದ ಹತ್ರ ಹೊಳೆಯಲ್ಲಿ ಆಡಿಸಿದರೆ ಹೆಂಗೆ ಅಂತ ಕೇಳಿದ. ಭಕ್ತರು ಹೊಳೆಗೆ ಹಾಕಿದ ಒಂದೊಂದು ರೂಪಾಯಿಗೂ ಅದು ಕೂಗುತ್ತಪ್ಪಾ, ಸಂಜೆವರೆಗೆ ಚಿಲ್ಲರೆ ಎಣಿಸ್ತಾ ಕೂರಬೇಕಾಗುತ್ತೆ ಅಂದೆ.

ಮೊದಲ ಸೀಸನ್ನಿನಲ್ಲಿ ತಮ್ಮನಿಗೆ ಸಿಕ್ಕಿದ್ದು ಬಾಟಲಿ ಮುಚ್ಚಳ, ಬೋಟಿನ ಮೊಳೆ, ಬಲೆಯ ಸೀಸದ ಗುಂಡು ಒಂದು ಬಕೆಟ್, ಚಿಲ್ಲರೆ, ಒಂದು ಬೈಕ್ ಕೀ, ಐದು ಉಂಗುರ. ನಾಲ್ಕು ಉಂಗುರದವರು ದಡದಲ್ಲೇ ಕಾದು ನಿಂತಿದ್ದರು, ಖುಷಿಯಿಂದ ಕೊಟ್ಟಷ್ಟು ಇಸ್ಕೊಂಡ. ಐದನೆಯದಕ್ಕೆ ಯಜಮಾನರು ಸಿಗದೆ ಪೊಲೀಸ್ ಠಾಣೆಗೆ ಕೊಟ್ಟು ಬಂದ. ಸರ ಕಳಕೊಂಡವರು ಬಂದರೆ ಮೊದಲೇ "ಅಕ್ಕಾ, ನೋಡ್ತೀನಿ, ಗ್ಯಾರಂಟಿ ಇಲ್ಲ" ಅಂತಾನಂತೆ. ನನ್ನ 10 ಸಾವಿರದಲ್ಲಿ 6 ಬಂದಿದೆ.