ಹುಳ ಜ್ವರಕ್ಕೆ ಕೂತಾಗ

ಮನೇಲೇ ಕೂತು ಕೆಲಸ ಮಾಡೋರ ಗಮನ ಕೆಡಿಸೋದು ಫೋನು ಅಂತ ಎಲ್ಲರೂ ಹೇಳ್ತಾರೆ. ನಮ್ಮ ಶಾಗ್ಯದಂಥ ಊರಲ್ಲಿ ಫೋನು ಎರಡನೇದು ಕಣ್ರೀ, ಮೊದಲನೇದು ಬಾಗಿಲು. ಹಗಲು ಹೊತ್ತು ಬಾಗಿಲು ಹಾಕಿದ್ರೆ ಮನೇಲಿ ಏನೋ ಆಗದೆ ಅಂತ ನಾಲ್ಕು ಜನ ಬಂದು ತಟ್ತಾರೆ. ತೆಗೆದಿಟ್ರೆ ಹುಣಸೆಹಣ್ಣು ಕೇಳೋರು, ಸಂಘದ ಪುಸ್ತಕಕ್ಕೆ ಸೈನು ಹಾಕಿಸ್ಕೊಳೋರು, ಪಕ್ಕದ ಮನೆ ಕೋಳಿ, ಎಲ್ಲಾ ಒಳಗೆ. ಎಲ್ಲರದ್ದೂ ಒಂದೇ ನಿಮಿಷದ ಕೆಲಸ.

ನಾನು ಮಾಡೋದು ಬೆಂಗಳೂರಿನ ಒಂದು ಕಂಪನಿಗೆ ಆಸ್ಪತ್ರೆ ಬಿಲ್ಲುಗಳನ್ನ ತಾಳೆ ನೋಡೋ ಕೆಲಸ. 2020ರ ಲಾಕ್‌ಡೌನ್ ಹೊತ್ತಲ್ಲಿ ಗಂಟುಮೂಟೆ ಕಟ್ಕೊಂಡು ಬಂದೋಳು, ಆಮೇಲೂ ಮನೆಯಿಂದಲೇ ಮಾಡ್ತೀನಿ ಅಂತ ಒಪ್ಪಿಸಿ ಇಲ್ಲೇ ಉಳ್ಕೊಂಡೆ. ದಿನಕ್ಕೆ ಇಷ್ಟು ಬಿಲ್ಲು ಮುಗೀಬೇಕು, ಮುಗೀದಿದ್ರೆ ಆಫೀಸಿಗೇ ಬರಬೇಕು ಅನ್ನೋದು ಮಾತು. ಹೋದ್ರೆ ಬಾಡಿಗೆ ಮನೆ ಆಗಬೇಕು, ಮಗನ ಸ್ಕೂಲು ಬಿಡಿಸಬೇಕು, ವಯಸ್ಸಾದ ಅತ್ತೆ ಮೇಲೆ ಮನೆ, ಹುಳ ಎರಡೂ ಹಾಕಿ ಹೋಗಬೇಕು. ನಮ್ಮೆಜಮಾನ್ರದು ರೇಷ್ಮೆ ಬೇಸಾಯ. ತಿಂಗಳಿಗೆ ಸರಿಯಾಗಿ ಬರೋ ದುಡ್ಡು ನನ್ನದೊಂದೇ. ಹಂಗಾಗಿ ಆ ಒಂದೊಂದು ನಿಮಿಷ ನನಗೆ ಬರೀ ಕಿರಿಕಿರಿ ಆಗಿರಲಿಲ್ಲ. ಊರಲ್ಲಿ ಇರ್ತೀನೋ ಇಲ್ವೋ ಅನ್ನೋ ಲೆಕ್ಕ ಆಗಿತ್ತು.

ಬಿಲ್ಲು ನೋಡುವಾಗ ತಲೇಲಿ ಮೂರ್ನಾಲ್ಕು ಅಂಕಿ ಒಟ್ಟಿಗೆ ಹಿಡ್ಕೊಂಡಿರ್ತೀನಿ. "ಸಕ್ಕರೆ ಡಬ್ಬ ಎಲ್ಲವ್ವ?" ಅಂತ ಯಾರಾದ್ರೂ ಕೇಳಿದ್ರೆ ಎಲ್ಲವೂ ಉದುರೋಗ್ತವೆ. ಮತ್ತೆ ಮೊದಲಿಂದ ಶುರು. ಒಂದು ನಿಮಿಷ ಕೇಳಿದೋರಿಗೆ ಹತ್ತು ನಿಮಿಷ ಹೋಗಿದ್ದು ಕಾಣಲ್ಲ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ್ರೆ ಬಂದು ಭುಜ ಅಲ್ಲಾಡಿಸ್ತಾರೆ. ಗೇಯ್ಮೆ ಅಂದ್ರೆ ಮೈ ಬಗ್ಗಬೇಕು, ಬೆವರು ಬರಬೇಕು. ಲ್ಯಾಪ್‌ಟಾಪ್ ಮುಂದೆ ಕೂತೋಳು ನಮ್ಮೋರ ಕಣ್ಣಿಗೆ ಸುಮ್ಮನೆ ಕೂತೋಳೇ.

ಆದ್ರೆ ಇದೇ ಜನಕ್ಕೆ ಇನ್ನೊಂದು ಕೆಲಸದ ಮರ್ಯಾದೆ ಚೆನ್ನಾಗಿ ಗೊತ್ತು. ಅದು ಹುಳಮನೆ. ಕೈಕಾಲು ತೊಳೀದೆ ಅಲ್ಲಿಗೆ ಯಾರೂ ಕಾಲಿಡಲ್ಲ. ಹೊರಗಿನೋರನ್ನ ಬಿಡಲ್ಲ. ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ, ಊಜಿ ನೊಣ ಬರಬಾರದು ಅಂತ. 1980ರಲ್ಲಿ ಕರ್ನಾಟಕಕ್ಕೆ ಬಂದ ಪೀಡೆ ಅದು, ಇನ್ನೂ ಹೋಗಿಲ್ಲ. ನೊಣ ಹುಳದ ಮೇಲೆ ಒಂದು ಸಣ್ಣ ಮೊಟ್ಟೆ ಇಟ್ಟು ಹಾರೋಗ್ತದೆ, ಒಂದು ಗಳಿಗೆ ಕೆಲಸ. ಹುಳ ಅವತ್ತು ಸೊಪ್ಪು ತಿಂತಾನೇ ಇರ್ತದೆ. ಆಮೇಲೆ ಒಂದು ಕಪ್ಪು ಚುಕ್ಕೆ ಕಾಣ್ತದೆ. ಒಳಗೆ ಬೆಳೆದ ಮರಿ ಕೊನೆಗೆ ಹುಳನೇ ಸಾಯಿಸ್ತದೆ, ಇಲ್ಲ ಗೂಡು ತೂತು ಮಾಡ್ಕೊಂಡು ಈಚೆ ಬರ್ತದೆ. ತೂತು ಬಿದ್ದ ಗೂಡಲ್ಲಿ ನೂಲು ತೆಗೆಯಕ್ಕಾಗಲ್ಲ. ನನ್ನ ಕೆಲಸದಲ್ಲೂ ಅಷ್ಟೆ, ನಡುವೆ ಒಬ್ಬರು ಕರೆದಾಗ ನುಸುಳೋ ತಪ್ಪು ಆವತ್ತೇ ಕಾಣಲ್ಲ.

ಇನ್ನು ಜ್ವರ. ಮೊಟ್ಟೆ ಒಡೆದಲ್ಲಿಂದ ಹಣ್ಣಾಗೋವರೆಗೆ ಹೆಚ್ಚುಕಮ್ಮಿ 25 ದಿನ, ಅಷ್ಟರಲ್ಲಿ ಹುಳ 4 ಸಲ ಪೊರೆ ಬಿಡ್ತದೆ. ಅದಕ್ಕೇ ಜ್ವರ ಅನ್ನೋದು. ತಲೆ ಎತ್ಕೊಂಡು ಅಲ್ಲಾಡದೆ ಕೂರ್ತದೆ. ನೋಡೋರಿಗೆ ಏನೂ ಮಾಡದೆ ಕೂತಂಗೆ ಕಾಣ್ತದೆ, ಒಳಗೆ ಹೊಸ ಚರ್ಮ ಆಯ್ತಾ ಇರ್ತದೆ. ಆವಾಗ ಸೊಪ್ಪು ಹಾಕಲ್ಲ, ಮುಟ್ಟಲ್ಲ, ಸುಣ್ಣದ ಪುಡಿ ಉದುರಿಸಿ ಬಿಟ್ಬುಡ್ತಾರೆ.

ಒಂದು ದಿನ ಹುಳಮನೆಗೆ ಓಡಿದ ನನ್ನ ಮಗನ್ನ ಅತ್ತೆ ತಡೆದು "ವಾಗ್‌ಬ್ಯಾಡ ಕನ ಮಗ, ಹುಳ ಜ್ವರಕ್ಕ ಕೂತದ" ಅಂದ್ರು. ಅವನು ತುಟಿ ಪಿಟಕ್ ಅನ್ನದೆ ತಿರುಗಿದ. ತಿರುಗಿ ಸೀದಾ ನನ್ನ ಹತ್ರ ಬಂದು ಪೆನ್ಸಿಲ್ ಕೆತ್ತಿಕೊಡು ಅಂದ.

ರಾತ್ರಿ ಊಟ ಆದ್ಮೇಲೆ ಅತ್ತೆಗೆ ಹೇಳ್ದೆ: "ಹತ್ತರಿಂದ ಒಂದು, ಎರಡೂವರೆಯಿಂದ ಐದು. ಆ ಹೊತ್ತಲ್ಲಿ ನಾನು ಜ್ವರಕ್ಕೆ ಕೂತಿರ್ತೀನಿ ಅನ್ಕೊಳಿ ಅತ್ತೆ. ಮುಟ್ಟಿದ್ರೆ ಬೆಳೆ ಹೋಯ್ತದೆ."

ಅತ್ತೆ ನಗಲಿಲ್ಲ. "ಬೆಳ ಅಂದ್ರ ಎಸ್ಟು?" ಅಂದ್ರು. ಸಂಬಳ ಹೇಳ್ದೆ. ಬೆರಳಲ್ಲೇ ಗೂಡಿನ ದುಡ್ಡಿನ ಜೊತೆ ಹಾಕಿ ನೋಡಿದ್ರು. "ಅಂಗಾರ ನಿಂಗೂ ಒಂದ್ ಬಲೆ ಕಟ್ಬೇಕು ಕನ ಕೂಸೆ."

ಬಲೆ ಅವರೇ ಆದ್ರು. ಆ ಹೊತ್ತಲ್ಲಿ ಜಗಲಿ ಮೇಲೆ ಕೂತು ಅವರೆಕಾಯಿ ಬುಡಿಸ್ತಾರೆ, ರಾಗಿ ಕೇರ್ತಾರೆ. ನನ್ನ ಫೋನು ಅವರ ಪಕ್ಕದಲ್ಲೇ. ಆಫೀಸಿನೋರು ಲ್ಯಾಪ್‌ಟಾಪಲ್ಲೇ ಸಿಗ್ತಾರೆ. ಬಂದೋರ ಮಾತು ಬಾಗಿಲ ಪಕ್ಕದ ಸ್ಲೇಟಿನ ಮೇಲೆ ಬೀಳ್ತದೆ, ಮಗ ಸ್ಕೂಲಿಂದ ಬಂದು ಬರೀತಾನೆ. ಮೊದಮೊದಲು ಅತ್ತೆ "ಅವ್ಳು ಜ್ವರಕ್ಕ ಕೂತವ್ಳ" ಅಂದದ್ದು ಕೇಳಿ ಆಚೆ ಬೀದಿ ಅಕ್ಕ ಮೆಣಸಿನ ಸಾರು ತಂದುಕೊಟ್ಟಿದ್ರು. ಸಾರು ಚೆನ್ನಾಗಿತ್ತು.

ಹುಳದಿಂದ ಇನ್ನೊಂದು ಕಲ್ತೆ. ಜ್ವರದಿಂದ ಮೊದಲು ಎದ್ದ ನಾಲ್ಕು ಹುಳಕ್ಕೆ ಅಂತ ಸೊಪ್ಪು ಹಾಕಲ್ಲ, ಎಲ್ಲಾ ಏಳೋತನಕ ಕಾಯ್ತಾರೆ. ಇಲ್ದಿದ್ರೆ ಬೆಳೆ ಏರುಪೇರು. ನಾನೂ ಊಟ ಆಗಿ ಬಂದ ತಕ್ಷಣ ಬಿಲ್ಲು ತೆಗೆಯಲ್ಲ. ಬೆಳಗ್ಗೆ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಚೀಟಿ ನೋಡ್ತೀನಿ, ಐದು ನಿಮಿಷ ಬುಟ್ಟು ಶುರು ಮಾಡ್ತೀನಿ.

ಕರೆಂಟು ಹೋಗೋದು, ನೆಟ್‌ವರ್ಕ್ ಬೀಳೋದು ಹಂಗೇ ಅದೆ, ಅದಕ್ಕೆ ಯಾವ ಬಲೇನೂ ಇಲ್ಲ. ಈ ಬಲೆ ಪುಕ್ಕಟೆಯೂ ಅಲ್ಲ. ನನ್ನ ಗಮನ ಉಳಿಯೋದು ಅತ್ತೆ ತನ್ನ ಹೊತ್ತು ಕೊಟ್ಟದ್ದರಿಂದ. ಅದಕ್ಕೇ ಐದು ಗಂಟೆ ಆದ್ಮೇಲೆ ಬಾಗಿಲು ನನ್ನದು. ಅವರು ಹರಟೆಗೆ ಹೋಯ್ತಾರೆ, ಯಾರೂ ಕರೆಯೋ ಹಂಗಿಲ್ಲ. ಹುಳ ಹಣ್ಣಾದ ದಿನ ಮನೇಲಿರೋ ಕೈಯೆಲ್ಲ ಬೇಕು, ಆರಿಸಿ ಚಂದ್ರಿಕೆಗೆ ಬಿಡಬೇಕು, ತಡ ಆದ್ರೆ ಎಲ್ಲೆಂದರಲ್ಲಿ ಗೂಡು ಕಟ್ಕೊಳ್ತವೆ. ಆ ದಿನಕ್ಕೆ ನಾನು ಮುಂಚೇನೇ ರಜಾ ಹಾಕಿರ್ತೀನಿ.

ನಿಮ್ಮ ಮನೇಲಿ ರೇಷ್ಮೆ ಇಲ್ದೇ ಇರಬಹುದು. ಮಗ್ಗ ಇರಬಹುದು, ಹೊಲಿಗೆ ಮಿಷನ್ನು, ಹಾಲು ಕರೆಯೋ ಹಸು. ನಡುವೆ ಮುಟ್ಟಬಾರದು ಅಂತ ಎಲ್ಲರಿಗೂ ಗೊತ್ತಿರೋ ಒಂದು ಕೆಲಸ ಇದ್ದೇ ಇರ್ತದೆ. ಮನೆಯೋರಿಗೆ ಆ ಕೆಲಸದ ಮಾತಲ್ಲೇ ಹೇಳಿ, ಎಷ್ಟು ದುಡ್ಡಿನ ಬೆಳೆ ಅನ್ನೋದನ್ನೂ ಹೇಳಿ. ನಾನೀಗ ಕ್ಯಾಲೆಂಡರ್ ನೋಡ್ಬೇಕು. ಈ ಸಲ ಹುಳ ಹಣ್ಣಾಗೋದೂ ನನ್ನ ತಿಂಗಳ ಕೊನೆ ಲೆಕ್ಕವೂ ಒಂದೇ ವಾರಕ್ಕೆ ಬಿದ್ದಂಗದೆ.